ಕನ್ನಡ ವಿಕ್ಷನರಿಗೆ ಪದ ಸೇರಿಸುವುದು ಹೇಗೆ? ನಿಮ್ಮ ಕಸುಬಿನ ಮಾತಿನಿಂದಲೇ ಶುರುಮಾಡಿ

ನಿಮ್ಮ ಮನೆಯಲ್ಲೋ ಕಸುಬಿನಲ್ಲೋ ದಿನವೂ ಬಳಸುವ ಒಂದು ಪದ ಆರಿಸಿಕೊಳ್ಳಿ. ಮಗ್ಗದ ಒಂದು ಭಾಗದ ಹೆಸರಾಗಬಹುದು, ಬಲೆಯ ಒಂದು ಬಗೆಯಾಗಬಹುದು, ಅಡಿಕೆ ಸುಲಿಯುವಾಗ ಆಡುವ ಒಂದು ಮಾತಾಗಬಹುದು. ಅದನ್ನು ಕನ್ನಡ ವಿಕ್ಷನರಿಯಲ್ಲಿ ಹುಡುಕಿ. ಆ ಪದಕ್ಕೆ ಪುಟವೇ ಇಲ್ಲದಿರಬಹುದು. ಪುಟವಿದ್ದರೂ ಒಂದು ಸಾಲಿನ ಅರ್ಥವಷ್ಟೇ ಇರಬಹುದು. ಅರ್ಥ ಚೆನ್ನಾಗಿಯೇ ಇದ್ದರೂ ನಿಮ್ಮ ಸೀಮೆಯ ಬಳಕೆ ಅದರಲ್ಲಿ ಬಂದಿರಲಿಕ್ಕಿಲ್ಲ. ಇದನ್ನೆಲ್ಲ ನೀವೇ ಸರಿಪಡಿಸಬಹುದು. ಅದಕ್ಕೆ ಶುಲ್ಕವಿಲ್ಲ, ಯಾರ ಅನುಮತಿಯೂ ಬೇಡ, ನೀವು ಏನು ಓದಿದ್ದೀರಿ ಎಂದು ಯಾರೂ ಕೇಳುವುದಿಲ್ಲ.

ವಿಕ್ಷನರಿ ಎಂದರೆ ವಿಕಿಪೀಡಿಯವನ್ನು ನೋಡಿಕೊಳ್ಳುವ ವಿಕಿಮೀಡಿಯ ಪ್ರತಿಷ್ಠಾನದ್ದೇ ನಿಘಂಟು. ಇಂಗ್ಲಿಷ್ ಆವೃತ್ತಿ 2002ರ ಡಿಸೆಂಬರ್ 12ರಂದು ಶುರುವಾಯಿತು. ಕನ್ನಡ ಆವೃತ್ತಿಯ ಪುಟಗಳು ಲಕ್ಷ ದಾಟಿ ಮುಂದೆ ಹೋಗಿವೆ. ಸಂಖ್ಯೆ ದೊಡ್ಡದೇ. ಆದರೆ ಎಷ್ಟೋ ಪುಟಗಳಲ್ಲಿ ಪದ, ಅದಕ್ಕೊಂದು ಸಮಾನಪದ, ಅಷ್ಟಕ್ಕೇ ಮುಗಿಯುತ್ತದೆ. ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಒಂದೇ ಮಾತು: ಸಂಖ್ಯೆ ಹೆಚ್ಚಿಸಲು ಹೋಗಬೇಡಿ. ನಿಮಗೆ ಕೈಯಾರೆ ಗೊತ್ತಿರುವ ಪದಕ್ಕೆ ನಿಖರವಾದ ಅರ್ಥ ಬರೆಯಿರಿ, ಜನ ಆಡುವಂಥ ಒಂದು ವಾಕ್ಯವನ್ನು ಜೊತೆಗಿಡಿ. ಬೇರೆ ನಿಘಂಟುಗಳಿಂದ ಸಾವಿರ ಪದ ತಂದು ಸುರಿಯುವುದಕ್ಕಿಂತ ಇದರಿಂದ ಓದುಗನಿಗೆ ಹೆಚ್ಚು ಉಪಯೋಗ.

ಜನರೆಲ್ಲ ಸೇರಿ ನಿಘಂಟು ಕಟ್ಟುವುದು ಇಂಟರ್ನೆಟ್ ಬಂದ ಮೇಲೆ ಹುಟ್ಟಿದ ಯೋಚನೆಯಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ 1879ರಲ್ಲೇ ಓದುಗರಿಗೆ ಮನವಿ ಮಾಡಿ, ಪುಸ್ತಕಗಳಲ್ಲಿ ಕಂಡ ಪದಪ್ರಯೋಗಗಳನ್ನು ಚೀಟಿಯಲ್ಲಿ ಬರೆದು ಕಳಿಸಲು ಕೇಳಿದ್ದರು. ಆ ನಿಘಂಟಿನ ಮೊದಲ ಆವೃತ್ತಿ ಮುಗಿದದ್ದು 1928ರಲ್ಲಿ. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರವರೆಗೆ ಬಿಡಿಬಿಡಿಯಾಗಿ ಹೊರಬಂತು. ಶಾಸನಗಳಿಂದ ಹಿಡಿದು ಹೊಸ ಸಾಹಿತ್ಯದವರೆಗಿನ ಪ್ರಯೋಗಗಳನ್ನು ಚೀಟಿಗಳಲ್ಲಿ ಇಳಿಸಿಕೊಂಡೇ ಅದನ್ನೂ ಕಟ್ಟಿದರು. ಪದಕ್ಕೆ ಪ್ರಯೋಗವೇ ಆಧಾರ ಎಂಬ ಮಾತು ವಿಕ್ಷನರಿಗೂ ಸಲ್ಲುತ್ತದೆ. ಬದಲಾದದ್ದು ಇಷ್ಟೆ: ಚೀಟಿ ಬರೆಯುವವರೂ ಅರ್ಥ ಬರೆಯುವವರೂ ತಿದ್ದುವವರೂ ಈಗ ನಾವೇ.

ಖಾತೆ, ಕೀಲಿಮಣೆ

ಗೂಗಲ್‌ನಲ್ಲಿ ‘ಕನ್ನಡ ವಿಕ್ಷನರಿ’ ಎಂದು ಕನ್ನಡದಲ್ಲೇ ಟೈಪ್ ಮಾಡಿದರೆ ತಾಣ ಸಿಗುತ್ತದೆ. ಪುಟದ ಮೇಲ್ತುದಿಯಲ್ಲಿ ಹೊಸ ಖಾತೆ ತೆರೆಯುವ ಕೊಂಡಿ ಇದೆ. ವಿಕಿಪೀಡಿಯದಲ್ಲಿ ಈಗಾಗಲೇ ಖಾತೆ ಇದ್ದವರು ಅದೇ ಹೆಸರು, ಅದೇ ಪಾಸ್‌ವರ್ಡ್ ಬಳಸಬಹುದು. ನಿಜವಾದ ಹೆಸರನ್ನೇ ಕೊಡಬೇಕೆಂದಿಲ್ಲ. ನೀವು ಮಾಡುವ ಪ್ರತಿ ಬದಲಾವಣೆಯ ಪಕ್ಕದಲ್ಲೂ ಬಳಕೆದಾರ ಹೆಸರು ಶಾಶ್ವತವಾಗಿ ಉಳಿಯುತ್ತದೆ, ಎಲ್ಲರಿಗೂ ಕಾಣುತ್ತದೆ. ಆದ್ದರಿಂದ ಮೊದಲೇ ಯೋಚಿಸಿ ಇಟ್ಟುಕೊಳ್ಳಿ. ಅಂಗಡಿಯ, ಸಂಸ್ಥೆಯ ಹೆಸರು ಇಡಬೇಡಿ. ಇಮೇಲ್ ಕಡ್ಡಾಯವಲ್ಲ, ಆದರೆ ಕೊಡುವುದೇ ವಾಸಿ. ಪಾಸ್‌ವರ್ಡ್ ಮರೆತರೆ ಖಾತೆಯನ್ನು ಮರಳಿ ಪಡೆಯಲು ಅದೇ ದಾರಿ.

ಕನ್ನಡ ಟೈಪಿಂಗ್ ಗೊತ್ತಿಲ್ಲ ಎಂದು ಹಿಂಜರಿಯುವವರು ಬಹಳ. ಮೊಬೈಲ್‌ನಲ್ಲಿ ವಾಟ್ಸಾಪ್‌ಗೆ ಬಳಸುವ ಕನ್ನಡ ಕೀಬೋರ್ಡೇ ಸಾಕು. ಕಂಪ್ಯೂಟರ್‌ನಲ್ಲಾದರೆ ವಿಕಿ ತಾಣಗಳ ಒಳಗೇ ಕನ್ನಡ ಟೈಪಿಂಗ್ ಸೌಲಭ್ಯ ಇದೆ. ಲಿಪ್ಯಂತರಣವೂ ಇದೆ, ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಇದೆ. ಕಂಟ್ರೋಲ್ ಮತ್ತು ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿ ಕನ್ನಡಕ್ಕೂ ಇಂಗ್ಲಿಷಿಗೂ ಹೊರಳಬಹುದು.

ಅಕ್ಷರಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಪುಸ್ತಕದಲ್ಲಾದರೆ ಕಣ್ಣಿಗೆ ಸರಿ ಕಂಡರೆ ಸರಿ. ಆನ್‌ಲೈನ್ ನಿಘಂಟಿನಲ್ಲಿ ಹಾಗಲ್ಲ, ಹುಡುಕುವುದು ಯಂತ್ರ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆಯನ್ನು ಒತ್ತುವ ಅಭ್ಯಾಸ ಅನೇಕರಿಗಿದೆ. ‘ಅಂಕ’ ಎಂದು ಬರೆಯುವಲ್ಲಿ ‘ಅ೦ಕ’ ಎಂದಾಗಿರುತ್ತದೆ. ನೋಡಲು ಎರಡೂ ಒಂದೇ, ಯಂತ್ರಕ್ಕೆ ಅವು ಬೇರೆ ಬೇರೆ ಪದ. ಅಂಥ ಶೀರ್ಷಿಕೆಯ ಪುಟ ಇದ್ದೂ ಇಲ್ಲದಂತೆ, ಸರಿಯಾಗಿ ಟೈಪ್ ಮಾಡಿ ಹುಡುಕುವವರಿಗೆ ಅದು ಸಿಗುವುದೇ ಇಲ್ಲ. ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಬಿಡುತ್ತಾರೆ. ಇಂಥ ಕಡೆ ಒಂದು ರೂಪದಲ್ಲಿ ಪೂರ್ತಿ ಪುಟ ಬರೆದು, ಇನ್ನೊಂದು ರೂಪದಿಂದ ಅಲ್ಲಿಗೆ ಪುನರ್ನಿರ್ದೇಶನ ಕೊಡಬೇಕು. ಇನ್ನು ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿಟ್ಟ ಪದಪಟ್ಟಿಗಳು ಬಹಳ ಜನರ ಬಳಿ ಇವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಪರಿವರ್ತಿಸಿದ ಮೇಲೂ ಒತ್ತಕ್ಷರ, ಅರ್ಕಾವತ್ತುಗಳನ್ನು ಸಾಲುಸಾಲಾಗಿ ಓದಿ ನೋಡಬೇಕು.

ಒಂದು ಪುಟ ಬರೆದು ನೋಡೋಣ

ಮೊದಲ ಪ್ರಯತ್ನವನ್ನು ನಿಮ್ಮ ಪ್ರಯೋಗಪುಟದಲ್ಲಿ ಮಾಡಿ. ಖಾತೆ ತೆರೆದವರಿಗೆಲ್ಲ ಅದು ಸಿಗುತ್ತದೆ, ಅಲ್ಲಿ ಏನು ಬರೆದರೂ ನಿಘಂಟಿಗೆ ತೊಂದರೆಯಿಲ್ಲ. ಉದಾಹರಣೆಗೆ ‘ಕಣ’ ಎಂಬ ಪದ ತೆಗೆದುಕೊಳ್ಳೋಣ. ಪುಟದ ಮೂಲ ಬರಹ ಸರಿಸುಮಾರು ಹೀಗಿರುತ್ತದೆ:

==ಕನ್ನಡ==
===ನಾಮಪದ===
'''ಕಣ'''
# ಕೊಯ್ದ ಪೈರನ್ನು ಒಕ್ಕಿ, ತೂರಿ, ಕಾಳನ್ನು ರಾಶಿ ಮಾಡಲು ಸಗಣಿ ಸಾರಿಸಿ ಹದಮಾಡಿದ ಗಟ್ಟಿ ನೆಲ.
#: ರಾಗಿ ಇನ್ನೂ ಕಣದಲ್ಲೇ ಇದೆ, ಮಳೆ ಬರೋ ಹಾಗಿದೆ.
# ಸ್ಪರ್ಧೆ ಅಥವಾ ಹೋರಾಟ ನಡೆಯುವ ಕ್ಷೇತ್ರ.
#: ನಾಮಪತ್ರ ವಾಪಸಾದ ಮೇಲೆ ಕಣದಲ್ಲಿ ಐವರು ಉಳಿದಿದ್ದಾರೆ.

ಎರಡು ಸಮಚಿಹ್ನೆಗಳ ನಡುವೆ ಇರುವುದು ಭಾಷೆಯ ಹೆಸರು, ಮೂರರ ನಡುವೆ ಇರುವುದು ಪದದ ವ್ಯಾಕರಣ. ಒಂಟಿ ಉದ್ಧರಣ ಚಿಹ್ನೆಯನ್ನು ಮೂರು ಸಲ ಒತ್ತಿದರೆ ಅಕ್ಷರ ದಪ್ಪವಾಗುತ್ತದೆ. # ಹಾಕಿದರೆ ಅರ್ಥಕ್ಕೆ ಕ್ರಮಸಂಖ್ಯೆ ತಾನಾಗಿ ಬರುತ್ತದೆ, ಅದರ ಮುಂದೆ ಕೋಲನ್ ಸೇರಿಸಿದರೆ ಆ ಅರ್ಥದ ಕೆಳಗೆ ಉದಾಹರಣೆ ಕೂರುತ್ತದೆ. ಬೇರೆ ಪುಟಕ್ಕೆ ಕೊಂಡಿ ಬೇಕಾದ ಪದವನ್ನು ಎರಡೆರಡು ಚೌಕ ಆವರಣಗಳಲ್ಲಿ ಇಡಬೇಕು. ಶುರುವಿಗೆ ಇಷ್ಟು ಸಾಕು. ಉಳಿದದ್ದಕ್ಕೆ, ಚೆನ್ನಾಗಿ ತುಂಬಿದ ಒಂದು ಪುಟದಲ್ಲಿ ‘ಸಂಪಾದಿಸಿ’ ಒತ್ತಿ, ಅವರು ಹೇಗೆ ಬರೆದಿದ್ದಾರೆಂದು ನೋಡಿದರೆ ತಿಳಿಯುತ್ತದೆ.

ಈಗ ಕಷ್ಟದ ಭಾಗ. ಒಕ್ಕುವ ಕಣ ದ್ರಾವಿಡ ಮೂಲದ್ದು. ತಮಿಳಿನ ‘ಕಳಮ್’, ತೆಲುಗಿನ ‘ಕಳ್ಳಂ’ ಅದರ ನೆಂಟರು. ಕನ್ನಡದಲ್ಲೂ ‘ಕಳ’ ಎಂಬ ರೂಪವಿದೆ, ಹಳೆಯ ಕಾವ್ಯಗಳಲ್ಲಿ ರಣರಂಗಕ್ಕೂ ಅದೇ ಹೆಸರು. ಚುನಾವಣೆಯ ಕಣ ಈ ಸಾಲಿನದೇ. ಮರಳಿನ ಕಣ, ರಕ್ತಕಣ ಎನ್ನುವಾಗಿನ ಕಣ ಸಂಸ್ಕೃತದ್ದು. ರವಿಕೆ ಕಣ ಮತ್ತೂ ಬೇರೆ. ಉತ್ತರ ಕರ್ನಾಟಕದಲ್ಲಿ ಅದು ‘ಖಣ’, ಗುಳೇದಗುಡ್ಡದ ಖಣ ಹೆಸರುವಾಸಿ, ಮರಾಠಿಯಲ್ಲೂ ಆ ಪದ ಉಂಟು. ಅಲ್ಲಿಗೆ ಒಂದೇ ಕಾಗುಣಿತದೊಳಗೆ ಮೂರು ಪದಗಳಿವೆ. ಅವನ್ನು ಒಂದರ ಕೆಳಗೆ ಒಂದು ಅರ್ಥವೆಂದು ಪೋಣಿಸಿಬಿಟ್ಟರೆ, ಒಕ್ಕುವ ನೆಲವೇ ಹೇಗೋ ಬಟ್ಟೆಯ ತುಂಡಾಯಿತೆಂದು ಓದುವವನು ತಿಳಿದಾನು. ಮೂಲ ಬೇರೆಯಾದಾಗ ‘ನಾಮಪದ’ವನ್ನೂ ಬೇರೆ ಬೇರೆ ವಿಭಾಗ ಮಾಡಿ ಬರೆಯಬೇಕು. ಮೂಲ ಯಾವುದೆಂದು ನಿಮಗೆ ಖಾತ್ರಿಯಿಲ್ಲವೇ? ಆ ಭಾಗವನ್ನು ಖಾಲಿ ಬಿಡಿ. ಊಹೆಯ ವ್ಯುತ್ಪತ್ತಿ ನಿಘಂಟಿಗೆ ಮಾಡುವಷ್ಟು ಕೇಡನ್ನು ಖಾಲಿ ಜಾಗ ಮಾಡುವುದಿಲ್ಲ.

ಶೀರ್ಷಿಕೆ ಪದದ ಮೂಲರೂಪದಲ್ಲಿರಲಿ. ‘ಮಾಡುವುದು’, ‘ಮಾಡಿದ’ ಬೇಡ, ‘ಮಾಡು’ ಸಾಕು. ‘ಮರವು’, ‘ಮರದಲ್ಲಿ’ ಬೇಡ, ‘ಮರ’ ಸಾಕು. ಕುಪ್ಪಸ, ಕುಬುಸ, ಕುಬಸ ಎಂದು ಸೀಮೆಗೊಂದು ರೂಪವಿದ್ದಾಗ ಯಾವುದನ್ನೂ ತಪ್ಪೆನ್ನದೆ ಎಲ್ಲಕ್ಕೂ ಪುಟ ಕೊಟ್ಟು, ಒಂದರಲ್ಲಿ ಪೂರ್ತಿ ವಿವರ ಬರೆದು, ಉಳಿದವುಗಳಿಂದ ಕೊಂಡಿ ಹಾಕಿ. ಪುಟ ಇರುವುದು ಕಾಗುಣಿತಕ್ಕೆ, ಆದ್ದರಿಂದ ಬೇರೆ ಭಾಷೆಯ ಪದವೂ ಅದರಲ್ಲೇ ಬರಬಹುದು. ‘ಬಾಲೆ’ ಕನ್ನಡದಲ್ಲಿ ಹುಡುಗಿ, ತುಳುವಿನಲ್ಲಿ ಮಗು. ಕನ್ನಡ ಲಿಪಿಯಲ್ಲೇ ತುಳು, ಕೊಡವ ಬರೆಯುವವರು ತಮ್ಮ ಭಾಷೆಯ ಹೆಸರಿನಲ್ಲಿ ಪ್ರತ್ಯೇಕ ವಿಭಾಗ ತೆರೆದು ಬರೆಯಬಹುದು.

ಅರ್ಥ ಬರೆಯುವ ಕೆಲಸ

ಅರ್ಥ ಬರೆಯುವುದು ಸುಲಭ ಎಂದುಕೊಂಡವರು ‘ಮೊರ’ ಎಂದರೇನು ಎಂದು ಬರೆದು ನೋಡಬೇಕು. ‘ಧಾನ್ಯ ಕೇರುವ ಸಾಧನ’ ಎಂದು ಮುಗಿಸುತ್ತೇವೆ. ಮೊರವನ್ನೇ ಕಾಣದ, ಫ್ಲ್ಯಾಟಿನಲ್ಲಿ ಬೆಳೆದ ಹುಡುಗಿಗೆ ಇದರಿಂದ ಏನು ತಿಳಿದೀತು? ‘ಕೇರು’ ಎಂಬ ಪದವೂ ಅವಳಿಗೆ ಗೊತ್ತಿಲ್ಲ. ‘ಬಿದಿರಿನ ಸೀಳುಗಳಿಂದ ಹೆಣೆದ, ಮೂರು ಬದಿಗೆ ಅಂಚು ಎತ್ತಿ ಒಂದು ಬದಿ ತೆರೆದಿರುವ, ಕಾಳಿನಿಂದ ಹೊಟ್ಟು ಬೇರ್ಪಡಿಸಲು ಬಳಸುವ ಅಗಲವಾದ ಸಲಕರಣೆ’ ಎಂದರೆ ವಸ್ತು ಕಣ್ಣಿಗೆ ಕಟ್ಟುತ್ತದೆ. ಕೇರುವುದು, ತೂರುವುದು ಎರಡೂ ಹೊಟ್ಟು ತೆಗೆಯುವ ಕೆಲಸವೇ ಆದರೂ ಒಂದೇ ಅಲ್ಲ. ಮೊರದಲ್ಲಿ ಹಾಕಿ ಕೈಯಿಂದ ಮೇಲಕ್ಕೆ ಚಿಮ್ಮಿಸಿ ಹಾರಿಸುವುದು ಕೇರುವುದು. ಎತ್ತರಕ್ಕೆ ಹಿಡಿದು ಗಾಳಿಗೆ ಸುರಿದು ಬೇರೆ ಮಾಡುವುದು ತೂರುವುದು. ಈ ವ್ಯತ್ಯಾಸ ಕಣದಲ್ಲಿ ನಿಂತು ಕೆಲಸ ಮಾಡಿದವರಿಗೆ ಗೊತ್ತು. ಒಕ್ಕಣೆ ಯಂತ್ರ ಊರಿಗೆ ಬಂದ ಮೇಲೆ ಹುಟ್ಟಿದವರಿಗೆ ಯಾರಾದರೂ ಬರೆದಿಡದೆ ಗೊತ್ತಾಗುವ ದಾರಿಯೇ ಇಲ್ಲ. ಊರಿನ ಹಿರಿಯರು ಆನ್‌ಲೈನಿಗೆ ಬರದಿದ್ದರೆ ಅವರ ಮೊಮ್ಮಕ್ಕಳು ಕೇಳಿ ಬರೆಯಲಿ ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರ ಬಳಿಯೂ ಇಂಥ ಸಂಪತ್ತಿದೆ. ಪಹಣಿ, ಪೋಡಿ, ದರಖಾಸ್ತು, ಖರಾಬು, ಗುಂಟೆ. ಜಮೀನಿರುವ ಪ್ರತಿಯೊಬ್ಬರೂ ಈ ಪದಗಳನ್ನು ಎದುರಿಸುತ್ತಾರೆ, ಸರಿಯಾದ ಅರ್ಥ ತಿಳಿದವರು ಕಡಿಮೆ. ನಲವತ್ತು ಗುಂಟೆಗೆ ಒಂದು ಎಕರೆ ಎಂಬುದು ಎಲ್ಲರಿಗೂ ಗೊತ್ತಿರಬಹುದು. ಖರಾಬು ಎಂದರೆ ಯಾವ ನೆಲ, ಅದರ ಬಗೆಗಳೇನು ಎಂದು ಬಿಡಿಸಿ ಹೇಳಬಲ್ಲವರು ದಾಖಲೆ ಬರೆದವರೇ. ಇವುಗಳಲ್ಲಿ ಕೆಲವು ಪಾರಸಿ, ಅರಬ್ಬಿಯಿಂದ ಬಂದವು, ಶುದ್ಧ ಕನ್ನಡವಲ್ಲ ಎಂದು ಬಿಡುವಂತಿಲ್ಲ. ಜನರ ಬಾಯಲ್ಲಿ ಇರುವುದೆಲ್ಲ ನಿಘಂಟಿಗೆ ಸೇರಬೇಕು, ಬಸ್ಸು, ರೀಚಾರ್ಜು ಕೂಡ. ಹಾಗೆಯೇ ಯಾರ ಬಾಯಲ್ಲೂ ಇಲ್ಲದ್ದು ಸೇರಬಾರದು. ನೀವೇ ಕಟ್ಟಿದ ಚಂದದ ಹೊಸಪದವನ್ನು ಲೇಖನದಲ್ಲಿ ಬಳಸಿ, ನಾಲ್ಕು ಜನ ಬಳಸುವಂತಾಗಲಿ, ಆಮೇಲೆ ನಿಘಂಟಿನ ಮಾತು.

ಅರ್ಥ ಬರೆಯುವಾಗ ನಮ್ಮ ಮನೆಯೇ ಲೋಕ ಎಂದುಕೊಳ್ಳುವ ಅಪಾಯವೂ ಇದೆ. ‘ಸಾರು’ ಎಂಬುದನ್ನೇ ನೋಡಿ. ಕೆಲವು ಮನೆಗಳಲ್ಲಿ ಸಾರೆಂದರೆ ತೆಳ್ಳಗಿನ ತಿಳಿ, ತರಕಾರಿ ಹಾಕಿದ ಗಟ್ಟಿಯದು ಹುಳಿ. ಮಂಡ್ಯದ ಕಡೆ ಮುದ್ದೆಯ ಜೊತೆ ಬರುವ ಸೊಪ್ಪಿನ ಸಾರು, ಬಸ್ಸಾರು, ಕೋಳಿ ಸಾರು ಯಾವುದೂ ಆ ವಿವರಣೆಗೆ ಒಗ್ಗುವುದಿಲ್ಲ. ಮೊದಲು ಬರೆದವರು ಒಂದು ಅಡುಗೆಮನೆಯ ಅರ್ಥ ಕೊಟ್ಟಿದ್ದರೆ ಅದನ್ನು ಅಳಿಸಬೇಡಿ. ಕೆಳಗೆ ಇನ್ನೊಂದು # ಹಾಕಿ ನಿಮ್ಮದನ್ನು ಸೇರಿಸಿ, ಯಾವ ಕಡೆಯ ಬಳಕೆ ಎಂದು ಗುರುತಿಸಿ.

ಬೈಗುಳ, ಜಾತಿ ನಿಂದನೆ, ಅಂಗವೈಕಲ್ಯವನ್ನು ಹೀಯಾಳಿಸುವ ಪದಗಳೂ ನಿಘಂಟಿನಲ್ಲಿ ಇರಬೇಕಾಗುತ್ತದೆ. ಹಳೆಯ ಕಥೆ, ಕಡತ ಓದುವವರಿಗೆ ಅವುಗಳ ಅರ್ಥ ಬೇಕು. ಆದರೆ ‘ನಿಂದನಾತ್ಮಕ’ ಎಂಬ ಗುರುತು ಅರ್ಥದ ಮೊದಲಿಗೇ ಬರಲಿ. ಯಾವುದೇ ಸಮುದಾಯವನ್ನು ನೋಯಿಸುವ ಉದಾಹರಣೆ ವಾಕ್ಯ ಕಟ್ಟಬೇಡಿ. ಸಾಮಾನ್ಯ ಪದಗಳ ಉದಾಹರಣೆಯಲ್ಲೂ ಹೆಂಗಸರು ಯಾವಾಗಲೂ ಪಾತ್ರೆ ತೊಳೆಯುತ್ತ, ಗಂಡಸರು ಕಚೇರಿಗೆ ಹೋಗುತ್ತ ಇರಬೇಕಿಲ್ಲ. ಮಕ್ಕಳು ಓದುವ ಪುಟ ಇದು.

ನಕಲು ಮಾಡುವ ಮುನ್ನ

ವಿಕ್ಷನರಿಯಲ್ಲಿ ಬರೆದದ್ದನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಲೋಕಕ್ಕೆ ಬಿಟ್ಟುಕೊಡುತ್ತೀರಿ. ಹೆಸರು ಹೇಳಿ, ಅದೇ ಷರತ್ತಿನಡಿ ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ಆದ್ದರಿಂದ ನಿಮ್ಮದಲ್ಲದ್ದನ್ನು ಕೊಡುವ ಹಕ್ಕು ನಿಮಗಿಲ್ಲ. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡು 60 ವರ್ಷ ಕಳೆಯುವವರೆಗೆ ಕೃತಿಯ ಹಕ್ಕು ಉಳಿದಿರುತ್ತದೆ. ಜಿ. ವೆಂಕಟಸುಬ್ಬಯ್ಯನವರು ತೀರಿಕೊಂಡದ್ದು 2021ರಲ್ಲಿ. ಅವರ ನಿಘಂಟುಗಳಿಂದ ಅರ್ಥಗಳನ್ನು ಎತ್ತಿ ಹಾಕುವುದು ಈ ಕಾಲದಲ್ಲಂತೂ ಸಾಧ್ಯವಿಲ್ಲ. ಫರ್ಡಿನೆಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಅವರು 1903ರಲ್ಲಿ ತೀರಿಕೊಂಡರು. ಆ ಮೂಲ ಆವೃತ್ತಿ ಈಗ ಎಲ್ಲರ ಸ್ವತ್ತು. ಆದರೆ ಅದನ್ನೇ ಪರಿಷ್ಕರಿಸಿ ಎಂ. ಮರಿಯಪ್ಪ ಭಟ್ಟರ ಸಂಪಾದಕತ್ವದಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಪ್ರಕಟಿಸಿದ ನಾಲ್ಕು ಸಂಪುಟಗಳಿಗೆ ಈ ಮಾತು ಹೊಂದುವುದಿಲ್ಲ. ಕೈಯಲ್ಲಿರುವುದು ಯಾವುದೆಂದು ಮುಖಪುಟ ತೆರೆದು ನೋಡಿಕೊಳ್ಳಿ.

ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿ 2019ರಲ್ಲಿ ಮುಕ್ತವಾಗಿ ಹಂಚಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟಿನ ಬಗ್ಗೆ ನನಗೆ ಅಪಾರ ಗೌರವ. ಅದೂ ಮುಕ್ತವೇ, ಆದರೆ ಪರವಾನಗಿ ಬೇರೆ ಬಗೆಯದು. ಅಲ್ಲಿಂದ ಸಾಲುಗಳನ್ನು ಹಾಗೇ ತಂದು ಇಲ್ಲಿ ಅಂಟಿಸುವಂತಿಲ್ಲ. ಯಾವ ನಿಘಂಟನ್ನಾದರೂ ತೆರೆದು ನೋಡಿ, ತಿಳಿದುಕೊಳ್ಳಿ, ಪುಸ್ತಕ ಮುಚ್ಚಿ ನಿಮ್ಮ ಮಾತಿನಲ್ಲಿ ಬರೆಯಿರಿ. ಕಥೆ ಕಾದಂಬರಿಗಳಿಂದ ಪ್ರಯೋಗಕ್ಕಾಗಿ ಒಂದು ಚಿಕ್ಕ ವಾಕ್ಯ ತೆಗೆದುಕೊಳ್ಳುವ ರೂಢಿಯಿದೆ. ಆಗ ಲೇಖಕರ, ಕೃತಿಯ ಹೆಸರು, ಪ್ರಕಟವಾದ ವರ್ಷ, ಪುಟಸಂಖ್ಯೆ ತಪ್ಪದೆ ಕೊಡಿ. ಯಂತ್ರಾನುವಾದದಿಂದ ಬಂದ ಅರ್ಥಗಳನ್ನು ಓದದೆ ಅಂಟಿಸುವುದಂತೂ ಬೇಡವೇ ಬೇಡ. ಅವನ್ನು ಹುಡುಕಿ ತೆಗೆಯುವುದಕ್ಕೆ ಇನ್ನೊಬ್ಬರ ರಾತ್ರಿಗಳು ಹೋಗುತ್ತವೆ.

ತಿದ್ದುಪಡಿ, ತಕರಾರು

ನೀವು ಬರೆದದ್ದನ್ನು ಇನ್ನೊಬ್ಬರು ತಿದ್ದುತ್ತಾರೆ, ಕೆಲವೊಮ್ಮೆ ಅಳಿಸುತ್ತಾರೆ. ಹೊಸಬರು ಬೇಸತ್ತು ಬಿಟ್ಟುಹೋಗುವುದು ಹೆಚ್ಚಾಗಿ ಇಲ್ಲೇ. ಪುಟದ ‘ಇತಿಹಾಸ’ ತೆರೆದರೆ ಯಾರು, ಯಾವಾಗ, ಏನು ಬದಲಿಸಿದರು ಎಂಬುದೆಲ್ಲ ಇರುತ್ತದೆ. ಏಕೆ ಎಂಬುದನ್ನು ಸಾರಾಂಶದ ಸಾಲಿನಲ್ಲಿ ಬರೆದಿರಬಹುದು. ಅಳಿಸಿದ್ದೂ ಅಲ್ಲೇ ಉಳಿದಿರುತ್ತದೆ, ನಿಮ್ಮ ಶ್ರಮ ಕಳೆದುಹೋಗುವುದಿಲ್ಲ. ತಕ್ಷಣ ಹಿಂದಿನಂತೆ ಮಾಡಿಬಿಡಬೇಡಿ. ‘ಚರ್ಚೆ’ ಪುಟದಲ್ಲಿ ನಿಮ್ಮ ಆಧಾರ ಹೇಳಿ, ಕೊನೆಗೆ ನಾಲ್ಕು ಟಿಲ್ಡೆ ಚಿಹ್ನೆ ಒತ್ತಿದರೆ ಸಹಿಯೂ ಸಮಯವೂ ತಾನಾಗಿ ಬೀಳುತ್ತವೆ. ‘ನಮ್ಮೂರಲ್ಲಿ ಹೀಗೇ ಅಂತಾರೆ’ ಎನ್ನುವುದಕ್ಕೆ ಬೆಲೆ ಇದೆ, ಜೊತೆಗೆ ಅಚ್ಚಾದ ಒಂದು ಪ್ರಯೋಗ ತೋರಿಸಿದರೆ ವಾದ ಅಲ್ಲಿಗೇ ಮುಗಿಯುತ್ತದೆ. ಕರಾವಳಿಯ ಪದಗಳಿಗೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ಆರು ಸಂಪುಟಗಳ ತುಳು ನಿಘಂಟು ಒಳ್ಳೆಯ ಆಧಾರ.

ನೀವೂ ಬದಲಾವಣೆ ಮಾಡುವಾಗಲೆಲ್ಲ ಸಾರಾಂಶದಲ್ಲಿ ನಾಲ್ಕು ಮಾತು ಬರೆಯಿರಿ: ‘ಎರಡನೆಯ ಅರ್ಥ ಸೇರಿಸಿದೆ’, ‘ಕಾಗುಣಿತ ತಿದ್ದಿದೆ’. ಬರೆದ ಪುಟಗಳನ್ನು ವೀಕ್ಷಣಾಪಟ್ಟಿಗೆ ಹಾಕಿಕೊಂಡರೆ ಮುಂದಿನ ಬದಲಾವಣೆಗಳು ಕಣ್ಣಿಗೆ ಬೀಳುತ್ತವೆ.

ಬರೆಯಲು ಮನಸ್ಸಿಲ್ಲದವರು ದನಿ ಕೊಡಬಹುದು. ‘ಲಿಂಗ್ವಾ ಲಿಬ್ರೆ’ ಎಂಬ ತಾಣದಲ್ಲಿ ವಿಕಿ ಖಾತೆಯಿಂದಲೇ ಲಾಗಿನ್ ಆಗಿ ಪದಪಟ್ಟಿ ಕೊಟ್ಟರೆ, ಒಂದೊಂದೇ ಪದ ಪರದೆಯ ಮೇಲೆ ಬರುತ್ತದೆ, ನೀವು ಉಚ್ಚರಿಸುತ್ತ ಹೋಗಬೇಕು. ಧ್ವನಿಮುದ್ರಿಕೆಗಳು ವಿಕಿಮೀಡಿಯ ಕಾಮನ್ಸ್ ಸೇರುತ್ತವೆ, ಅಲ್ಲಿಂದ ನಿಘಂಟಿನ ಪುಟಕ್ಕೆ ಜೋಡಿಸಬಹುದು. ಹೊರದೇಶದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವರಿಗೆ ಅರ್ಥಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ‘ಳ’, ‘ಣ’ಗಳ ಸರಿಯಾದ ಉಚ್ಚಾರ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೈಕನ್ನು ಬಾಯಿಯಿಂದ ಸ್ವಲ್ಪ ದೂರ ಇಟ್ಟುಕೊಳ್ಳಿ. ಯಾವ ಊರಿನ ಕನ್ನಡ ಎಂದು ವಿವರದಲ್ಲಿ ನಮೂದಿಸಿ. ಅಜ್ಜಿಯದೋ ಪಕ್ಕದ ಮನೆಯವರದೋ ದನಿ ಮುದ್ರಿಸುವುದಾದರೆ, ಅದು ಎಲ್ಲರಿಗೂ ಕೇಳುತ್ತದೆ, ಯಾರು ಬೇಕಾದರೂ ಬಳಸುತ್ತಾರೆ ಎಂಬುದನ್ನು ಮೊದಲೇ ತಿಳಿಸಿ, ಅವರು ಒಪ್ಪಿದ ಮೇಲೆಯೇ ಮುದ್ರಿಸಿಕೊಳ್ಳಿ.